ಟೈರಿನ ಅಸಮ ಸವೆತ (ಮೋಟಾರ್‌ಸೈಕಲ್)

ಟೈರಿನ ಅಸಮ ಸವೆತ ಎಂದರೆ ಟೈರಿನಲ್ಲಿ ನೆಲಕ್ಕೆ ತಾಗುವ ರಬ್ಬರು ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಸವೆಯದೆ, ಕೆಲವು ಭಾಗಗಳಲ್ಲಿ ಬೇಗನೆ, ಕೆಲವು ಭಾಗಗಳಲ್ಲಿ ನಿಧಾನವಾಗಿ ಸವೆಯುವುದು. ಎಲ್ಲ ವಾಹನಗಳಲ್ಲಿಯೂ ಕಂಡುಬರುವ ಈ ದೋಷವು ದೂರ ಪ್ರಯಾಣಕ್ಕೆ ಬಳಸುವ ಟೂರಿಂಗ್ ಮೋಟಾರ್‌ಸೈಕಲ್‌ಗಳಲ್ಲಿ ಹೆಚ್ಚು ಸ್ಪಷ್ಟವಾಗಿ ತೋರುತ್ತದೆ. ಹೆಚ್ಚಿನ ಭಾರ, ಗಂಟೆಗಟ್ಟಲೆ ನೇರ ರಸ್ತೆಯ ಓಟ ಮತ್ತು ಬಿಸಿಯಾದ ಡಾಂಬರು ಇದಕ್ಕೆ ಮುಖ್ಯ ಕಾರಣಗಳು. ಸವೆತದ ಜೊತೆಗೆ ಸಾಮಾನ್ಯವಾಗಿ ಗುಂಯ್‌ಗುಡುವ ಅಥವಾ ಗೊರಗೊರ ಎನ್ನುವ ಶಬ್ದವೂ ಕೇಳಿಬರುತ್ತದೆ. ಈ ಶಬ್ದವನ್ನು ಚಕ್ರದ ಬೇರಿಂಗ್ ಕೆಟ್ಟಿರುವುದರ ಲಕ್ಷಣವೆಂದು ತಪ್ಪಾಗಿ ತಿಳಿಯುವುದುಂಟು. ಇದಕ್ಕೆ ವಿರುದ್ಧವಾದ ತಪ್ಪು, ಅಂದರೆ ಬೇರಿಂಗ್ ಶಬ್ದವನ್ನು ಟೈರಿನದೆಂದು ಕಡೆಗಣಿಸುವುದು, ಇನ್ನೂ ಅಪಾಯಕಾರಿ.

ಉತ್ತರ ಕರ್ನಾಟಕದ ಕೊಪ್ಪಳ ಜಿಲ್ಲೆಯು ಈ ವಿಷಯದ ಅಧ್ಯಯನಕ್ಕೆ ಒಳ್ಳೆಯ ಉದಾಹರಣೆ. ಹಂಪಿ, ಆನೆಗೊಂದಿ, ಬಾದಾಮಿ, ಐಹೊಳೆಗಳಿಗೆ ಹೋಗುವ ಬೈಕ್ ಪ್ರವಾಸಿಗರು ಹಾದುಹೋಗುವ ಈ ಜಿಲ್ಲೆಯಲ್ಲಿ ನೇರವಾದ ಚತುಷ್ಪಥ ಹೆದ್ದಾರಿ, ಎರೆಮಣ್ಣಿನ ಮೇಲೆ ಹಾಸಿದ ಏರುಪೇರಿನ ರಸ್ತೆ ಮತ್ತು ಬಂಡೆಗುಡ್ಡಗಳ ನಡುವಿನ ತಿರುವುಗಳು ಒಂದೇ ದಿನದ ಪ್ರಯಾಣದಲ್ಲಿ ಎದುರಾಗುತ್ತವೆ.

ಟೈರಿನ ರಚನೆ ಮತ್ತು ನೆಲಸಂಪರ್ಕ

ಕಾರಿನ ಟೈರಿನ ಹೊರಮೈ ಅಡ್ಡಲಾಗಿ ನೋಡಿದಾಗ ಬಹುಮಟ್ಟಿಗೆ ಚಪ್ಪಟೆಯಾಗಿರುತ್ತದೆ. ಮೋಟಾರ್‌ಸೈಕಲ್ಲಿನ ಟೈರು ಕಮಾನಿನಂತೆ ದುಂಡಾಗಿರುತ್ತದೆ. ವಾಹನವು ತಿರುವಿನಲ್ಲಿ ವಾಲಿದಾಗ ನೆಲಕ್ಕೆ ತಾಗುವ ಭಾಗವು ನಡುವಿನಿಂದ ಅಂಚಿನ ಕಡೆಗೆ ಕ್ರಮೇಣ ಸರಿಯಬೇಕಾಗಿರುವುದೇ ಇದಕ್ಕೆ ಕಾರಣ. ಆದ್ದರಿಂದ ಯಾವುದೇ ಕ್ಷಣದಲ್ಲಿ ಟೈರಿನ ಒಂದು ಕಿರಿದಾದ ಪಟ್ಟಿ ಮಾತ್ರ ನೆಲದೊಡನೆ ಸಂಪರ್ಕದಲ್ಲಿರುತ್ತದೆ.

ಸಂಪರ್ಕ ಪ್ರದೇಶದ ಗಾತ್ರವನ್ನು ಚಕ್ರದ ಮೇಲಿನ ಭಾರವನ್ನು ಗಾಳಿಯ ಒತ್ತಡದಿಂದ ಭಾಗಿಸಿ ಸ್ಥೂಲವಾಗಿ ಅಂದಾಜಿಸಬಹುದು. ಇಬ್ಬರು ಸವಾರರು ಮತ್ತು ಸಾಮಾನು ಸೇರಿ ಹಿಂಚಕ್ರದ ಮೇಲೆ 220 ಕಿಲೋಗ್ರಾಂ ಭಾರವಿದ್ದು, ಗಾಳಿಯ ಒತ್ತಡ 34 ಪೌಂಡ್ ಇದ್ದರೆ ಸಂಪರ್ಕ ಪ್ರದೇಶವು ಸುಮಾರು 92 ಚದರ ಸೆಂಟಿಮೀಟರ್ ಆಗುತ್ತದೆ. ಇದು ಹೆಚ್ಚುಕಡಿಮೆ ಒಂದು ಅಂಗೈಯಷ್ಟು ಜಾಗ. ಎಂಜಿನ್ನಿನ ಎಳೆತ, ಬ್ರೇಕಿನ ತಡೆ, ತಿರುವಿನ ಹಿಡಿತ ಇವೆಲ್ಲವೂ ಇಷ್ಟೇ ಜಾಗದ ಮೂಲಕ ನೆಲಕ್ಕೆ ತಲುಪಬೇಕು. ಆ ಜಾಗದ ಆಕಾರ ಕೆಟ್ಟರೆ ವಾಹನದ ನಡತೆಯೇ ಬದಲಾಗುತ್ತದೆ.

ಸವೆತದ ಬಗೆಗಳು

ನಡುವಿನ ಸವೆತವು ಟೂರಿಂಗ್ ಮೋಟಾರ್‌ಸೈಕಲ್ಲಿನ ಹಿಂದಿನ ಟೈರಿನಲ್ಲಿ ಅತ್ಯಂತ ಸಾಮಾನ್ಯ. ನೇರ ರಸ್ತೆಯಲ್ಲಿ ನೂರಾರು ಕಿಲೋಮೀಟರ್ ಓಡಿದಾಗ ಟೈರಿನ ನಡುಪಟ್ಟಿ ಮಾತ್ರ ಸವೆದು, ದುಂಡಗಿದ್ದ ಮೇಲ್ಮೈ ಚಪ್ಪಟೆಯಾಗುತ್ತದೆ. ಎಂಜಿನ್ನಿನ ಎಳೆತವೆಲ್ಲ ಹಿಂಚಕ್ರದ ಮೂಲಕವೇ ಹಾಯುವುದರಿಂದ ಮುಂದಿನ ಟೈರಿಗಿಂತ ಹಿಂದಿನ ಟೈರಿನಲ್ಲಿ ಇದು ಬೇಗ ಕಾಣಿಸಿಕೊಳ್ಳುತ್ತದೆ. ಚಪ್ಪಟೆಯಾದ ನಡುಭಾಗ ಮತ್ತು ಸವೆಯದ ಬದಿಗಳ ನಡುವೆ ಒಂದು ಏಣು ಮೂಡುತ್ತದೆ. ಇಂಥ ಟೈರಿರುವ ವಾಹನವು ತಿರುವಿನಲ್ಲಿ ಮೊದಲು ವಾಲಲು ಒಪ್ಪುವುದಿಲ್ಲ. ಸವಾರನು ಒತ್ತಾಯಿಸಿದಾಗ ಆ ಏಣನ್ನು ದಾಟಿ ಒಮ್ಮೆಲೇ ವಾಲಿಬಿಡುತ್ತದೆ. ಈ ಬದಲಾವಣೆ ಸಾವಿರಾರು ಕಿಲೋಮೀಟರುಗಳಲ್ಲಿ ನಿಧಾನವಾಗಿ ಬರುವುದರಿಂದ ದಿನವೂ ಓಡಿಸುವವನ ಗಮನಕ್ಕೆ ಬರುವುದೇ ಕಡಿಮೆ. ಹೊಸ ಟೈರು ಹಾಕಿಸಿದ ದಿನವೇ ವ್ಯತ್ಯಾಸ ತಿಳಿಯುತ್ತದೆ.

ಬಟ್ಟಲು ಸವೆತವು ಹೆಚ್ಚಾಗಿ ಮುಂದಿನ ಟೈರಿನಲ್ಲಿ ಉಂಟಾಗುತ್ತದೆ. ಟೈರಿನ ಸುತ್ತಳತೆಯುದ್ದಕ್ಕೂ, ನಡುವಿನಿಂದ ಸ್ವಲ್ಪ ಬದಿಗೆ, ಸಮಾನ ಅಂತರದಲ್ಲಿ ತಗ್ಗುಗಳು ಬೀಳುತ್ತವೆ. ಬ್ರೇಕ್ ಹಿಡಿದಾಗಲೆಲ್ಲ ಟೈರಿನ ಬಟನ್‌ಗಳು, ಅಂದರೆ ಗೀರುಗಳ ನಡುವಿನ ರಬ್ಬರಿನ ದಿಂಡುಗಳು, ಒಂದೇ ದಿಕ್ಕಿಗೆ ಬಾಗುತ್ತವೆ. ನೆಲ ಬಿಡುವಾಗ ಮರಳಿ ನೆಟ್ಟಗಾಗುತ್ತ ಉಜ್ಜಿಕೊಳ್ಳುತ್ತವೆ. ಹಿಂಚಕ್ರವು ಎಳೆತ ಮತ್ತು ತಡೆ ಎರಡನ್ನೂ ಅನುಭವಿಸಿದರೆ ಮುಂಚಕ್ರಕ್ಕೆ ಇರುವುದು ತಡೆ ಮಾತ್ರ. ಹೀಗಾಗಿ ಪ್ರತಿ ದಿಂಡಿನ ಒಂದು ಅಂಚು ಮತ್ತೊಂದಕ್ಕಿಂತ ಹೆಚ್ಚು ಸವೆದು ಗರಗಸದ ಹಲ್ಲಿನ ಆಕಾರ ಬರುತ್ತದೆ. ಅದು ಆಳವಾದಾಗ ಬಟ್ಟಲಿನಂತೆ ತೋರುತ್ತದೆ. ಅಂಗೈಯನ್ನು ಟೈರಿನ ಮೇಲೆ ಒಂದು ದಿಕ್ಕಿಗೆ ಸವರಿದರೆ ನುಣುಪಾಗಿಯೂ ವಿರುದ್ಧ ದಿಕ್ಕಿಗೆ ಸವರಿದರೆ ತರಿತರಿಯಾಗಿಯೂ ಅನಿಸುವುದು ಇದರ ಮೊದಲ ಗುರುತು. ದೊಡ್ಡ ದಿಂಡುಗಳಿರುವ, ಮಣ್ಣುರಸ್ತೆಗೂ ಒಗ್ಗುವ ಟೈರುಗಳಲ್ಲಿ ಇದು ಬೇಗ ಉಂಟಾಗುತ್ತದೆ.

ಒಂದು ಬದಿಯ ಸವೆತದಲ್ಲಿ ಎಡ ಅಥವಾ ಬಲ ಅಂಚು ಹೆಚ್ಚು ಸವೆಯುತ್ತದೆ. ಬ್ರೇಕ್ ಹಿಡಿದು ಚಕ್ರ ನಿಂತು ಟೈರು ಜಾರಿದಾಗ ಒಂದೇ ಕಡೆ ಬೀಳುವ ಚಪ್ಪಟೆ ಕಲೆಯೂ ಅಸಮ ಸವೆತದ ಗುಂಪಿಗೇ ಸೇರುತ್ತದೆ.

ಬಲಬದಿಯ ಸವೆತ

ಎಡಬದಿಯಲ್ಲಿ ವಾಹನ ಚಲಾಯಿಸುವ ಭಾರತ, ಬ್ರಿಟನ್ ಮೊದಲಾದ ದೇಶಗಳಲ್ಲಿ ಮುಂದಿನ ಟೈರಿನ ಬಲಬದಿ ಹೆಚ್ಚು ಸವೆಯುವುದನ್ನು ಸವಾರರು ಗಮನಿಸುತ್ತಾರೆ. ಇದಕ್ಕೆ ರಸ್ತೆಯ ಇಳಿಜಾರು ಕಾರಣವೆಂದು ಹೇಳುವುದುಂಟು. ನೀರು ಹರಿದುಹೋಗಲೆಂದು ರಸ್ತೆಯ ನಡುಭಾಗವನ್ನು ಎತ್ತರಿಸಿ ಅಂಚುಗಳ ಕಡೆಗೆ ಇಳಿಜಾರು ಕೊಡಲಾಗುತ್ತದೆ. ಎಡಪಕ್ಕದಲ್ಲಿ ನೆಟ್ಟಗೆ ಓಡುವ ಮೋಟಾರ್‌ಸೈಕಲ್ಲಿಗೆ ನೆಲವು ಬಲಗಡೆ ತುಸು ಎತ್ತರವಾಗಿರುವುದರಿಂದ ಟೈರು ತನ್ನ ಬಲಮಗ್ಗುಲಿಗೆ ಹೆಚ್ಚು ತಾಗುತ್ತದೆ ಎಂಬುದು ವಾದ. ಆದರೆ ಡಾಂಬರು ರಸ್ತೆಗಳ ಇಳಿಜಾರು ಸಾಮಾನ್ಯವಾಗಿ ಶೇಕಡಾ 2ರಿಂದ 2.5ರಷ್ಟು ಮಾತ್ರ. ಕೋನದ ಲೆಕ್ಕದಲ್ಲಿ ಇದು ಒಂದೂವರೆ ಡಿಗ್ರಿಯನ್ನೂ ಮುಟ್ಟುವುದಿಲ್ಲ. ಇಷ್ಟರಿಂದಲೇ ಕಣ್ಣಿಗೆ ಕಾಣುವ ಸವೆತ ಉಂಟಾಗುತ್ತದೆ ಎನ್ನುವುದು ಕಷ್ಟ.

ಎರಡನೆಯ ವಿವರಣೆ ಹೆಚ್ಚು ಗಟ್ಟಿಯಾದುದು. ಎಡಬದಿಯ ಸಂಚಾರದಲ್ಲಿ ಬಲತಿರುವು ಯಾವಾಗಲೂ ತಿರುವಿನ ಹೊರಪಥವಾಗಿರುತ್ತದೆ. ಏಳು ಮೀಟರ್ ಅಗಲದ ದ್ವಿಪಥ ರಸ್ತೆಯಲ್ಲಿ ಎರಡು ಪಥಗಳ ನಡುರೇಖೆಗಳ ಅಂತರ 3.5 ಮೀಟರ್. 90 ಡಿಗ್ರಿಯ ಒಂದು ತಿರುವಿನಲ್ಲಿ ಬಲಕ್ಕೆ ತಿರುಗುವವನು ಎದುರಿನಿಂದ ಬಂದು ಎಡಕ್ಕೆ ತಿರುಗುವವನಿಗಿಂತ ಸುಮಾರು ಐದೂವರೆ ಮೀಟರ್ ಹೆಚ್ಚು ದೂರವನ್ನು ವಾಲಿದ ಸ್ಥಿತಿಯಲ್ಲಿ ಕ್ರಮಿಸುತ್ತಾನೆ. ಹೊರಪಥದ ತಿರುವು ಹಿರಿದಾಗಿರುವುದರಿಂದ ಮತ್ತು ನೋಟವೂ ಹೆಚ್ಚು ದೂರ ಹರಿಯುವುದರಿಂದ ಬಲತಿರುವಿನಲ್ಲಿ ವೇಗವೂ ಹೆಚ್ಚಿರುತ್ತದೆ. ವೃತ್ತಗಳನ್ನು ಸುತ್ತುವುದೂ ಬಲಕ್ಕೆ ವಾಲಿಕೊಂಡೇ.

ಶಬ್ದ

ಟೈರಿನ ಶಬ್ದಕ್ಕೆ ಹಲವು ಮೂಲಗಳಿವೆ. ರಬ್ಬರಿನ ದಿಂಡುಗಳು ಒಂದಾದಮೇಲೊಂದು ನೆಲಕ್ಕೆ ಬಡಿಯುವುದು, ಗೀರುಗಳಲ್ಲಿ ಸಿಕ್ಕಿದ ಗಾಳಿ ಒತ್ತಿಕೊಂಡು ಹೊರಬರುವುದು, ರಬ್ಬರು ನೆಲಕ್ಕೆ ಅಂಟಿ ಜಾರುವುದು ಇವು ಮುಖ್ಯವಾದವು. ಹೊಸ ಟೈರಿನಲ್ಲಿ ದಿಂಡುಗಳ ಅಳತೆಯನ್ನು ಬೇಕೆಂದೇ ತುಸು ಹೆಚ್ಚುಕಡಿಮೆ ಮಾಡಲಾಗಿರುತ್ತದೆ. ಇದರಿಂದ ಶಬ್ದವು ಒಂದೇ ಸ್ವರದಲ್ಲಿ ಕೂಡಿಕೊಳ್ಳದೆ ಚದುರಿಹೋಗುತ್ತದೆ. ಬಟ್ಟಲು ಸವೆತ ಬಂದಾಗ ತಗ್ಗುಗಳು ಮತ್ತೆ ಒಂದು ಕ್ರಮವನ್ನು ಹುಟ್ಟಿಸುವುದರಿಂದ ಸ್ಪಷ್ಟವಾದ ಗುಂಯ್‌ಕಾರ ಕೇಳತೊಡಗುತ್ತದೆ.

ಈ ಸ್ವರದ ಎತ್ತರವನ್ನು ಲೆಕ್ಕ ಹಾಕಬಹುದು. 120/80-18 ಅಳತೆಯ ಟೈರಿನ ಸುತ್ತಳತೆ ಸುಮಾರು 2.04 ಮೀಟರ್. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಎಂಟು ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. ಸುತ್ತಲೂ 24 ತಗ್ಗುಗಳಿದ್ದರೆ ಸೆಕೆಂಡಿಗೆ ಸುಮಾರು 196 ಬಡಿತಗಳಾಗುತ್ತವೆ. ಗಂಟೆಗೆ 80 ಕಿಲೋಮೀಟರಿನಲ್ಲಿ ಇದು 260ಕ್ಕೆ ಏರುತ್ತದೆ. ಎರಡೂ ಕಿವಿಗೆ ಚೆನ್ನಾಗಿ ಕೇಳುವ ತಗ್ಗು ಸ್ವರಗಳೇ. ವೇಗ ಇನ್ನೂ ಹೆಚ್ಚಿದಂತೆ ಹೆಲ್ಮೆಟ್ಟಿಗೆ ಬಡಿಯುವ ಗಾಳಿಯ ಸದ್ದು ಟೈರಿನ ಸದ್ದನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಊರೊಳಗಿನ ಮಧ್ಯಮ ವೇಗದಲ್ಲಿ ಕೇಳುವ ಶಬ್ದ ಹೆದ್ದಾರಿಯಲ್ಲಿ ಮಾಯವಾದಂತೆ ತೋರಿದರೆ ದೋಷ ಹೋಯಿತೆಂದು ತಿಳಿಯಬಾರದು.

ತಗ್ಗುಗಳು ನಡುಪಟ್ಟಿಯಿಂದ ಬದಿಗೆ ಇರುವುದರಿಂದ ನೇರ ಓಟದಲ್ಲಿ ಸುಮ್ಮನಿದ್ದ ಟೈರು ವಾಲಿದಾಗ ಗೊರಗುಟ್ಟುವುದು ಬಟ್ಟಲು ಸವೆತದ ವಿಶೇಷ ಲಕ್ಷಣ. ಬೇರಿಂಗ್ ದೋಷದಲ್ಲಿ ಶಬ್ದವು ರಸ್ತೆಯ ಮೇಲ್ಮೈ ಬದಲಾದರೂ ಹಾಗೆಯೇ ಉಳಿಯುತ್ತದೆ. ಒರಟು ಜಲ್ಲಿಯ ಡಾಂಬರಿನಿಂದ ನುಣುಪಾದ ಡಾಂಬರಿಗೋ ಕಾಂಕ್ರೀಟಿಗೋ ದಾಟಿದಾಗ ಸ್ವರ ಬದಲಾದರೆ ಅದು ಟೈರಿನ ಶಬ್ದ. ಕ್ಲಚ್ ಹಿಡಿದಾಗ ಶಬ್ದ ನಿಂತರೆ ಮೂಲ ಎಂಜಿನ್ನಿನ ಕಡೆಗಿದೆ. ಚಕ್ರವನ್ನು ನೆಲದಿಂದ ಎತ್ತಿ ಕೈಯಿಂದ ತಿರುಗಿಸಿದಾಗ ಕರಕರ ಎನ್ನುವುದು, ಅಥವಾ ಟೈರನ್ನು ಮೇಲೆ ಕೆಳಗೆ ಹಿಡಿದು ಅಡ್ಡಲಾಗಿ ಅಲುಗಿಸಿದಾಗ ಸಡಿಲ ತೋರುವುದು ಬೇರಿಂಗಿನ ದೋಷ. ಹೀಗಿದ್ದಲ್ಲಿ ಪ್ರಯಾಣ ಮುಂದುವರಿಸುವುದು ಸುರಕ್ಷಿತವಲ್ಲ.

ಯುರೋಪಿನಲ್ಲಿ ಕಾರು, ವ್ಯಾನು, ಲಾರಿಗಳ ಟೈರುಗಳಿಗೆ ಶಬ್ದದ ಪ್ರಮಾಣವನ್ನು ತಿಳಿಸುವ ಚೀಟಿ ಕಡ್ಡಾಯವಾಗಿದೆ. ಭಾರತವೂ 2022ರಲ್ಲಿ ಆ ವರ್ಗದ ಟೈರುಗಳ ಉರುಳು ಶಬ್ದಕ್ಕೆ ಮಿತಿಯನ್ನು ಅಧಿಸೂಚಿಸಿತು. ಎರಡು ವ್ಯವಸ್ಥೆಗಳೂ ಮೋಟಾರ್‌ಸೈಕಲ್ ಟೈರುಗಳಿಗೆ ಅನ್ವಯಿಸುವುದಿಲ್ಲ.

ಕೊಪ್ಪಳ ಜಿಲ್ಲೆಯ ರಸ್ತೆಗಳು

ಬೆಂಗಳೂರಿನಿಂದ ಚಿತ್ರದುರ್ಗದ ಮೂಲಕ ಹೊಸಪೇಟೆಗೆ ಸುಮಾರು 340 ಕಿಲೋಮೀಟರ್. ಈ ದಾರಿಯ ಬಹುಪಾಲು ನೇರವಾದ ಹೆದ್ದಾರಿ. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 50 ಕುಷ್ಟಗಿಯನ್ನು ಹಾದು ಇಳಕಲ್, ಹುನಗುಂದ, ವಿಜಯಪುರದ ಕಡೆಗೆ ಸಾಗುತ್ತದೆ. ಹಿಂದೆ 13ನೆಯ ಸಂಖ್ಯೆಯಿಂದ ಕರೆಯಲಾಗುತ್ತಿದ್ದ ಈ ಹೆದ್ದಾರಿ ಚತುಷ್ಪಥವಾದ ಮೇಲೆ ಗಂಟೆಗಟ್ಟಲೆ ಹ್ಯಾಂಡಲ್ ತಿರುಗಿಸದೆ ಓಡಿಸಬಹುದಾದ ರಸ್ತೆಯಾಗಿದೆ. ಹಿಂದಿನ ಟೈರಿನ ನಡುಪಟ್ಟಿ ಸವೆಯುವುದು ಇಂಥಲ್ಲಿಯೇ. ಹೊಸಪೇಟೆಯಿಂದ ಕೊಪ್ಪಳದ ಮೂಲಕ ಗದಗ, ಹುಬ್ಬಳ್ಳಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 67 ಕೂಡ ಬಯಲುಸೀಮೆಯ ಇಂಥದೇ ರಸ್ತೆ.

ಯಲಬುರ್ಗಾ ಮತ್ತು ಕುಷ್ಟಗಿ ಕಡೆಯ ಒಳರಸ್ತೆಗಳ ಸ್ವರೂಪ ಬೇರೆ. ಅಲ್ಲಿ ವಿಶಾಲವಾಗಿ ಹರಡಿರುವ ಎರೆಮಣ್ಣು ಮಳೆಯಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆ ಹಾಸಿದ ಡಾಂಬರು ಕ್ರಮೇಣ ಅಲೆಯಲೆಯಾಗುತ್ತದೆ. ಅಲೆಗಳ ಮೇಲೆ ಚಕ್ರ ಪುಟಿಯುತ್ತ ಓಡಿದಾಗ ನೆಲದ ಮೇಲಿನ ಒತ್ತಡ ಒಂದು ಕ್ಷಣ ಹೆಚ್ಚು, ಇನ್ನೊಂದು ಕ್ಷಣ ಕಡಿಮೆಯಾಗುತ್ತದೆ. ಶಾಕ್ ಅಬ್ಸಾರ್ಬರ್ ಮತ್ತು ಮುಂದಿನ ಫೋರ್ಕಿನ ಎಣ್ಣೆ ಹಳೆಯದಾಗಿದ್ದರೆ ಈ ಪುಟಿತ ಬೇಗ ಅಡಗದೆ ಬಟ್ಟಲು ಸವೆತಕ್ಕೆ ದಾರಿಯಾಗುತ್ತದೆ. ಹಂಪಿ ನೋಡಿಕೊಂಡು ಕುಕನೂರಿನ ಬಳಿಯ ಇಟಗಿಗೆ, ಅಂದರೆ 1112ರ ಮಹಾದೇವ ದೇವಾಲಯಕ್ಕೆ ಹೋಗಿ, ಯಲಬುರ್ಗಾ, ಗಜೇಂದ್ರಗಡಗಳ ಮೂಲಕ ಬಾದಾಮಿ ತಲುಪುವ ಸವಾರನು ಹೆದ್ದಾರಿಗಾಗಿ ತುಂಬಿಸಿದ ಗಾಳಿ ಮತ್ತು ಹೇರಿದ ಭಾರದೊಂದಿಗೇ ಈ ರಸ್ತೆಗಿಳಿದಿರುತ್ತಾನೆ.

ಗಂಗಾವತಿ ಸೀಮೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ಪ್ರದೇಶ. ಭತ್ತದ ನಾಟಿಯ ಕಾಲದಲ್ಲಿ ಕೇಜ್‌ವೀಲ್ ಹಾಕಿದ ಟ್ರ್ಯಾಕ್ಟರುಗಳು ಗದ್ದೆಯಿಂದ ಡಾಂಬರಿಗೆ ಏರಿದರೆ ಕಬ್ಬಿಣದ ಪಟ್ಟಿಗಳು ರಸ್ತೆಯ ಮೈಯನ್ನು ಕೊರೆಯುತ್ತವೆ, ಮೆತ್ತಿಕೊಂಡ ಕೆಸರು ರಸ್ತೆಯ ಮೇಲೆ ಉದುರುತ್ತದೆ. ಎರೆಕೆಸರು ಟೈರಿನ ಗೀರುಗಳಲ್ಲಿ ತುಂಬಿ ಒಣಗಿದಾಗ ಚಕ್ರದ ಸಮತೋಲನ ತಪ್ಪಿ ಹ್ಯಾಂಡಲ್ ನಡುಗುವುದುಂಟು. ತೊಳೆದ ಮೇಲೆ ನಡುಕ ನಿಂತರೆ ಚಿಂತೆಗೆ ಕಾರಣವಿಲ್ಲ. ಆನೆಗೊಂದಿ, ಅಂಜನಾದ್ರಿ, ಸಾಣಾಪುರದ ಸುತ್ತಿನ ರಸ್ತೆಗಳು ಬಂಡೆಗುಡ್ಡ ಮತ್ತು ಗದ್ದೆಗಳ ನಡುವೆ ಬಳಸಿಕೊಂಡು ಹೋಗುತ್ತವೆ. ದಿನವಿಡೀ ನೇರವಾಗಿ ಓಡಿ ನಡು ಚಪ್ಪಟೆಯಾದ ಟೈರಿನೊಂದಿಗೆ ಬಂದವರಿಗೆ ವಾಲುವಿಕೆಯ ತೊಡಕೂ ಬದಿಯ ಗೊರಗೊರವೂ ಮೊದಲು ತಿಳಿಯುವುದು ಇಂಥ ತಿರುವುಗಳಲ್ಲಿ.

ಮಳೆಯ ವಿಷಯದಲ್ಲಿ ಜಿಲ್ಲೆ ಬಯಲುಸೀಮೆಯ ಒಣ ಪ್ರದೇಶಕ್ಕೆ ಸೇರಿದೆ. ತಿಂಗಳುಗಟ್ಟಲೆ ಒಣಗಿದ ರಸ್ತೆಯ ಮೇಲೆ ಕೂತ ಧೂಳು ಮತ್ತು ಎಣ್ಣೆಯ ಪದರು ಮೊದಲ ಮಳೆಯಲ್ಲಿ ಜಾರುಮೈಯಾಗುತ್ತದೆ. ಒಣ ರಸ್ತೆಯಲ್ಲಿ ಬೋಳು ಟೈರು ಕೂಡ ಹಿಡಿತ ಕೊಡುವುದರಿಂದ ಬೇಸಿಗೆಯಿಡೀ ದೋಷ ಗಮನಕ್ಕೆ ಬಾರದೆ, ಆ ಮೊದಲ ಮಳೆಯ ದಿನವೇ ಬಯಲಾಗುತ್ತದೆ.

ಗಾಳಿಯ ಒತ್ತಡ ಮತ್ತು ಬಿಸಿಲು

ಅಸಮ ಸವೆತದ ಕಾರಣಗಳಲ್ಲಿ ಸವಾರನ ಕೈಯಲ್ಲೇ ಇರುವುದು ಗಾಳಿಯ ಒತ್ತಡ. ಒತ್ತಡ ಹೆಚ್ಚಾದರೆ ಸಂಪರ್ಕ ಪ್ರದೇಶ ಕಿರಿದಾಗಿ ನಡುಭಾಗ ಬೇಗ ಸವೆಯುತ್ತದೆ. ಕಡಿಮೆಯಾದರೆ ಟೈರು ಹೆಚ್ಚು ಬಾಗಿ ಬಿಸಿಯೇರುತ್ತದೆ, ದಿಂಡುಗಳ ಹೊಯ್ದಾಟ ಹೆಚ್ಚಿ ಬಟ್ಟಲು ಸವೆತ ತೀವ್ರವಾಗುತ್ತದೆ.

ಕೊಪ್ಪಳದಲ್ಲಿ ಬೇಸಿಗೆಯ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಡಾಂಬರಿನ ಮೈ ಅದಕ್ಕಿಂತಲೂ ಬಹಳ ಬಿಸಿಯಾಗಿರುತ್ತದೆ. ಬೆಳಗಿನ ಜಾವ 20 ಡಿಗ್ರಿಯಲ್ಲಿ 32 ಪೌಂಡ್ ತುಂಬಿಸಿದ ಟೈರಿನೊಳಗಿನ ಗಾಳಿ ಮಧ್ಯಾಹ್ನದ ಓಟದಲ್ಲಿ 60 ಡಿಗ್ರಿಗೆ ಏರಿದರೆ ಒತ್ತಡವು 38 ಪೌಂಡಿನಷ್ಟಾಗುತ್ತದೆ. ಇದು ಸಹಜ. ಟೈರಿನ ವಿನ್ಯಾಸವೂ ಇದನ್ನು ನಿರೀಕ್ಷಿಸಿಯೇ ಆಗಿರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಅಳೆದು ಹೆಚ್ಚಾಗಿದೆಯೆಂದು 32ಕ್ಕೆ ಇಳಿಸಿದರೆ ಮರುದಿನ ಬೆಳಿಗ್ಗೆ ತಣ್ಣಗಾದ ಟೈರಿನಲ್ಲಿ ಉಳಿಯುವುದು ಸುಮಾರು 26 ಪೌಂಡ್ ಮಾತ್ರ. ತಯಾರಕರ ಕೈಪಿಡಿಯಲ್ಲಿರುವ ಅಂಕಿಗಳೆಲ್ಲ ತಣ್ಣಗಿನ ಟೈರಿಗೆ ಸಂಬಂಧಿಸಿದವು. ಹಿಂಬದಿ ಸವಾರ ಮತ್ತು ಸಾಮಾನು ಇದ್ದಾಗಿನ ಅಂಕಿಯನ್ನು ಅದರಲ್ಲಿ ಪ್ರತ್ಯೇಕವಾಗಿ ಕೊಟ್ಟಿರುತ್ತಾರೆ.

ಯಾಂತ್ರಿಕ ಕಾರಣಗಳು

ಚಕ್ರದ ಅಸಮತೋಲನವು ಎರಡನೆಯ ದೊಡ್ಡ ಕಾರಣ. ಪುಟಿಯುವ ಚಕ್ರದ ಸಹಜ ಕಂಪನ ಸಾಮಾನ್ಯವಾಗಿ ಸೆಕೆಂಡಿಗೆ 10ರಿಂದ 15ರಷ್ಟಿರುತ್ತದೆ. ಮೇಲೆ ಹೇಳಿದ ಅಳತೆಯ ಟೈರು ಗಂಟೆಗೆ 80 ಕಿಲೋಮೀಟರಿನಲ್ಲಿ ಸೆಕೆಂಡಿಗೆ 11 ಸುತ್ತು ತಿರುಗುವುದರಿಂದ ಹೆದ್ದಾರಿಯ ಸಾಮಾನ್ಯ ವೇಗದಲ್ಲೇ ಸಣ್ಣ ಅಸಮತೋಲನವೂ ಪುಟಿತವನ್ನು ಕೆರಳಿಸಬಲ್ಲದು. ಕಡ್ಡಿ ಚಕ್ರಗಳಲ್ಲಿ ಸ್ಪೋಕ್ ಸಡಿಲವಾಗಿ ರಿಮ್ ಸೊಟ್ಟಗಾಗುವುದು, ಗುಂಡಿಗೆ ಬಿದ್ದು ರಿಮ್ ತಗ್ಗಾಗುವುದು, ಹ್ಯಾಂಡಲ್ ಕೋನಿನ ಬೇರಿಂಗ್ ಸಡಿಲವಾಗುವುದು ಇದೇ ಪರಿಣಾಮ ಬೀರುತ್ತವೆ. ಚೈನ್ ಬಿಗಿಗೊಳಿಸುವಾಗ ಎರಡೂ ಬದಿಯ ಗುರುತುಗಳನ್ನು ಸರಿಹೊಂದಿಸದಿದ್ದರೆ ಹಿಂಚಕ್ರ ಓರೆಯಾಗಿ ಕುಳಿತು ಟೈರು ಒಂದು ಬದಿಗೆ ಸವೆಯುತ್ತದೆ. ಪಂಕ್ಚರ್ ಹಾಕಿಸಿ ಚಕ್ರವನ್ನು ಮತ್ತೆ ಜೋಡಿಸಿದ ಮೇಲೆ ಈ ಗುರುತುಗಳನ್ನು ನೋಡಿಕೊಳ್ಳುವುದು ಉಚಿತ.

ಸಾಮಾನಿನ ಹಂಚಿಕೆಗೂ ಪಾತ್ರವಿದೆ. ಹಿಂದಿನ ಕ್ಯಾರಿಯರ್ ಮೇಲೆ ಎತ್ತರವಾಗಿ ಕಟ್ಟಿದ ಭಾರವು ಮುಂಚಕ್ರವನ್ನು ಹಗುರಗೊಳಿಸಿ ಅದರ ಪುಟಿತವನ್ನು ಹೆಚ್ಚಿಸುತ್ತದೆ.

ಕಾನೂನಿನ ಮಿತಿ ಮತ್ತು ತಪಾಸಣೆ

ಭಾರತದ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 94ನೆಯ ನಿಯಮವು ಟೈರುಗಳ ಸ್ಥಿತಿಗೆ ಸಂಬಂಧಿಸಿದೆ. ಅದರಂತೆ ಗೀರಿನ ಆಳವು ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಲ್ಲಿ 0.8 ಮಿಲಿಮೀಟರ್, ಇತರ ವಾಹನಗಳಲ್ಲಿ 1.6 ಮಿಲಿಮೀಟರ್‌ಗಿಂತ ಕಡಿಮೆಯಿರಬಾರದು. ಇದು ಕನಿಷ್ಠ ಮಿತಿ. ನೀರನ್ನು ಹೊರದೂಡುವ ಶಕ್ತಿ ಇದಕ್ಕಿಂತ ಮೊದಲೇ ಕುಗ್ಗಿರುತ್ತದೆ.

ಅಸಮ ಸವೆತದಲ್ಲಿ ಆಳವನ್ನು ಎಲ್ಲಿ ಅಳೆಯಬೇಕು ಎಂಬುದೇ ಮುಖ್ಯ. ನಿಲ್ಲಿಸಿದ ಬೈಕಿನ ಪಕ್ಕದಲ್ಲಿ ನಿಂತು ನೋಡಿದಾಗ ಕಣ್ಣಿಗೆ ಬೀಳುವುದು ಟೈರಿನ ಬದಿ. ಅಲ್ಲಿ ಗೀರುಗಳು ಹೊಸದರಂತೆಯೇ ಇರುತ್ತವೆ. ನಡುವಿನಲ್ಲಿ ಬೋಳಾದ ಟೈರು ಚೆನ್ನಾಗಿದೆಯೆಂಬ ಭ್ರಮೆ ಹುಟ್ಟುವುದು ಇದರಿಂದಲೇ. ಬೈಕಿನ ಹಿಂದೆ ಕುಳಿತು ಟೈರಿನ ಅಡ್ಡನೋಟವನ್ನು ನೋಡಿದರೆ ಕಮಾನು ಉಳಿದಿದೆಯೇ ಚಪ್ಪಟೆಯಾಗಿದೆಯೇ ಎಂಬುದು ತಿಳಿಯುತ್ತದೆ. ಗೀರುಗಳ ತಳದಲ್ಲಿ ಅಡ್ಡಲಾಗಿರುವ ಸಣ್ಣ ದಿಬ್ಬಗಳು ಸವೆತ ಸೂಚಕಗಳು. ಅವು ಇರುವ ಜಾಗವನ್ನು ಟೈರಿನ ಬದಿಯಲ್ಲಿ ತ್ರಿಕೋನ ಅಥವಾ ಅಕ್ಷರಗಳಿಂದ ಗುರುತಿಸಿರುತ್ತಾರೆ. ಯಾವುದೇ ಒಂದು ದಿಬ್ಬ ಮೇಲ್ಮೈಗೆ ಸಮನಾದರೂ ಟೈರಿನ ಆಯುಷ್ಯ ಮುಗಿದಂತೆ.

ಪರಿಹಾರ

ಒಮ್ಮೆ ಮೂಡಿದ ಬಟ್ಟಲು ಅಥವಾ ಚಪ್ಪಟೆ ಆಕಾರವನ್ನು ಸರಿಪಡಿಸಲಾಗದು. ಕಾರಣವನ್ನು ನಿವಾರಿಸಿದರೆ ಸವೆತದ ವೇಗ ತಗ್ಗಬಹುದು, ಶಬ್ದ ಮಾತ್ರ ಟೈರು ಬದಲಿಸುವವರೆಗೂ ಉಳಿಯುತ್ತದೆ. ಕಾರಿನಲ್ಲಿ ಮಾಡುವಂತೆ ಮುಂದಿನ ಹಿಂದಿನ ಟೈರುಗಳನ್ನು ಅದಲುಬದಲು ಮಾಡಲು ಹೆಚ್ಚಿನ ಮೋಟಾರ್‌ಸೈಕಲ್‌ಗಳಲ್ಲಿ ಬರುವುದಿಲ್ಲ. ಉದಾಹರಣೆಗೆ 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್‌ನಲ್ಲಿ ಮುಂಚಕ್ರ 21 ಇಂಚು, ಹಿಂಚಕ್ರ 17 ಇಂಚು. ಬದಿಯ ಮೇಲಿನ ಬಾಣದ ಗುರುತಿಗೆ ವಿರುದ್ಧವಾಗಿ ಟೈರನ್ನು ತಿರುಗಿಸಿ ಹಾಕಿಸುವುದೂ ಸಲ್ಲದು. ಒಳಪದರಗಳ ಜೋಡಣೆ ಮತ್ತು ಗೀರುಗಳ ಓರೆ ಆ ದಿಕ್ಕಿಗೆಂದೇ ರೂಪಿತವಾಗಿರುತ್ತವೆ. ಬೋಳಾದ ಟೈರಿನಲ್ಲಿ ಬಿಸಿ ಚಾಕುವಿನಿಂದ ಹೊಸದಾಗಿ ಗೀರು ಕೊರೆಸುವುದು ಒಳಪದರವನ್ನೇ ತೆಳುಮಾಡುವ ಅಪಾಯಕಾರಿ ಅಗ್ಗದ ಉಪಾಯ.

ನೇರ ಓಟವೇ ಹೆಚ್ಚಿರುವವರಿಗೆ ನಡುವೆ ಗಟ್ಟಿ ರಬ್ಬರು, ಬದಿಗಳಲ್ಲಿ ಮೆದು ರಬ್ಬರು ಇರುವ ಎರಡು ಮಿಶ್ರಣದ ಟೈರುಗಳು ದೊರೆಯುತ್ತವೆ. ಇವು ಚಪ್ಪಟೆಯಾಗುವುದನ್ನು ಮುಂದೂಡುತ್ತವೆ, ತಪ್ಪಿಸುವುದಿಲ್ಲ. ಮಣ್ಣುರಸ್ತೆ ವಿರಳವಾಗಿದ್ದರೆ ದೊಡ್ಡ ಬಟನ್ ಟೈರಿನ ಬದಲು ಸಣ್ಣ ಗೀರುಗಳ ರಸ್ತೆ ಟೈರು ಆಯ್ದುಕೊಳ್ಳುವುದರಿಂದ ಶಬ್ದ ಗಣನೀಯವಾಗಿ ತಗ್ಗುತ್ತದೆ.

ಟೈರು ಕೊಳ್ಳುವಾಗ ಬದಿಯಲ್ಲಿರುವ ನಾಲ್ಕಂಕಿಯ ತಯಾರಿಕಾ ಸಂಖ್ಯೆಯನ್ನು ನೋಡಬೇಕು. ಮೊದಲೆರಡು ಅಂಕಿಗಳು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರ. ಬಿಸಿಲಿನಲ್ಲಿ ಬಹುಕಾಲ ಇದ್ದ ಟೈರಿನ ರಬ್ಬರು ಗೀರಿನ ಆಳ ಪೂರ್ತಿಯಿದ್ದರೂ ಗಟ್ಟಿಯಾಗಿ, ಬದಿಯಲ್ಲಿ ಸಣ್ಣ ಬಿರುಕುಗಳನ್ನು ತೋರುತ್ತದೆ. ಹೊಸ ಟೈರು ಹಾಕಿಸಿದ ಮೊದಲ ನೂರು ಕಿಲೋಮೀಟರುಗಳಷ್ಟು ದೂರ ಹೆಚ್ಚು ವಾಲಿಸದೆ, ಗಡುಸಾಗಿ ಬ್ರೇಕ್ ಹಿಡಿಯದೆ ಓಡಿಸಿದರೆ ಮೇಲ್ಮೈಯ ನುಣುಪು ಕಳೆದು ಹಿಡಿತ ಬರುತ್ತದೆ.